ಜಾಕ್ಸನ್‌ನಿಂದ ನ್ಯಾಚೆಜ್‌ಗೆ: ಟ್ರೇಸ್ ಪಾರ್ಕ್‌ವೇನಾ, ವಿಕ್ಸ್‌ಬರ್ಗ್ ದಾರಿನಾ?

ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಈ ಎರಡು ಊರುಗಳ ನಡುವೆ ಬೆಳಿಗ್ಗೆ ಹೋಗಿ ರಾತ್ರಿ ಬರೋದು ಆರಾಮ. ಸುಮಾರು 100 ಮೈಲಿ ಅಷ್ಟೇ.

ನನ್ನ ಆಯ್ಕೆ ನ್ಯಾಚೆಜ್ ಟ್ರೇಸ್ ಪಾರ್ಕ್‌ವೇ, ಅಂದ್ರೆ ಟ್ರೇಸ್ ಅನ್ನೋ ಹಳೇ ಕಾಲ್ದಾರಿಯ ಜಾಡು ಹಿಡಿದು ಹೋಗುವ ರಸ್ತೆ. ಟೋಲ್ ಇಲ್ಲ, ಲಾರಿ ಇಲ್ಲ, ಜಾಹೀರಾತು ಬೋರ್ಡ್ ಇಲ್ಲ, ಎರಡೂ ಕಡೆ ಬರೀ ಮರಗಳು. ವೇಗದ ಮಿತಿ ಗಂಟೆಗೆ 50 ಮೈಲಿ, ಅದೂ ಎರಡೇ ಲೇನ್, ಹಾಗಾಗಿ ಮುಂದೆ ಸೈಕಲ್‌ನವರು ಸಿಕ್ಕರೆ ಸ್ವಲ್ಪ ತಾಳ್ಮೆ ಬೇಕು. ದಾರಿಯಲ್ಲಿ ಪೆಟ್ರೋಲ್ ಬಂಕ್ ಇಲ್ಲ, ಜಾಕ್ಸನ್‌ನಲ್ಲೇ ತುಂಬಿಸಿಕೊಳ್ಳಿ. 41ನೇ ಮೈಲಿಗಲ್ಲಿಗೆ ಸ್ವಲ್ಪ ಮೊದಲೇ (ಮೈಲಿ ಲೆಕ್ಕ ನ್ಯಾಚೆಜ್ ಕಡೆಯಿಂದ) ಸಿಗುವ ಸಂಕನ್ ಟ್ರೇಸ್ ಹತ್ತಿರ ಖಂಡಿತ ಇಳೀರಿ: ನೂರಾರು ವರ್ಷ ಜನ, ಕುದುರೆ, ಗಾಡಿ ಓಡಾಡಿ ಮೆತ್ತನೆಯ ಮಣ್ಣು ಸವೆದು, ಹಳೇ ದಾರಿ ಆಳದ ಓಣಿ ಥರ ಕೆಳಗೆ ಇಳಿದುಬಿಟ್ಟಿದೆ. ನ್ಯಾಚೆಜ್ ಹತ್ತಿರ ಎಮರಾಲ್ಡ್ ಮೌಂಡ್ ಇದೆ. ಸುಮಾರು 8 ಎಕರೆಯ ಈ ದಿಬ್ಬವನ್ನು ಕಟ್ಟಿದ್ದು ಇಲ್ಲಿನ ಮೂಲನಿವಾಸಿಗಳು. ಮೇಲೆ ಹತ್ತಿ ನೋಡಬಹುದು.

ಇನ್ನೊಂದು ದಾರಿ ಐ-20 ಹೆದ್ದಾರಿ ಹಿಡಿದು ವಿಕ್ಸ್‌ಬರ್ಗ್, ಅಲ್ಲಿಂದ ಹೈವೇ 61. ದೂರ ಸ್ವಲ್ಪ ಜಾಸ್ತಿ, ಲಾರಿಗಳೂ ಇರ್ತವೆ, ಆದರೆ ಊಟಕ್ಕೆ, ಪೆಟ್ರೋಲಿಗೆ ಚಿಂತೆಯಿಲ್ಲ. 1863ರ ಮುತ್ತಿಗೆ ನಡೆದ ರಣಭೂಮಿ ವಿಕ್ಸ್‌ಬರ್ಗ್‌ನಲ್ಲೇ ಇದೆ. ಅಂತರ್ಯುದ್ಧದ ಇತಿಹಾಸದಲ್ಲಿ ಆಸಕ್ತಿ ಇಲ್ಲದವರಿಗೆ ಅದು ಸುಮ್ನೆ ಹುಲ್ಲು, ಫಿರಂಗಿ, ಕಲ್ಲಿನ ಸ್ಮಾರಕ ಅನ್ನಿಸಬಹುದು.

ಒಂದೇ ದಾರೀಲಿ ಎರಡು ಸಲ ಯಾಕೆ, ಅಲ್ವಾ? ಬೆಳಕಿರುವಾಗ ಟ್ರೇಸ್‌ನಲ್ಲಿ ಹೋಗಿ, ಕತ್ತಲಾದ ಮೇಲೆ ವಿಕ್ಸ್‌ಬರ್ಗ್ ಮೇಲೆ ವಾಪಸ್ ಬನ್ನಿ. ಸಂಜೆ ಹೊತ್ತಿಗೆ ಪಾರ್ಕ್‌ವೇಯಲ್ಲಿ ಜಿಂಕೆಗಳು ದಿಢೀರ್ ಅಂತ ಅಡ್ಡ ಬರ್ತವೆ, ಬೀದಿದೀಪಾನೂ ಇಲ್ಲ.