ಬಸವನಹುಳುವಿಗೆ ಕಟಲ್‌ಬೋನ್: ತಗೊಳ್ಳಿ, ಆದರೆ ಮೊದಲು ನಿಮ್ಮ ನೀರು ನೋಡಿ

ಐದಕ್ಕೆ ನಾಲ್ಕು ಅಂಕ. ಅಕ್ವೇರಿಯಂ ಬಸವನಹುಳುವಿಗೆ ಕ್ಯಾಲ್ಸಿಯಂ ಅಂತ ಮಾರುವ ಸಾಮಾನುಗಳಲ್ಲಿ ನಾನು ಮತ್ತೆ ಮತ್ತೆ ತರುವುದು ಇದನ್ನೇ. ಮೀನಿನ ಕಪಾಟಿನಲ್ಲಿ ಹುಡುಕಬೇಡಿ, ಲವ್ ಬರ್ಡ್ಸ್ ಕಾಳು, ಗೂಡು ಇಟ್ಟಿರುವ ಕಡೆ ಕೇಳಿ. ಬಿಳಿ, ಹಗುರ, ದೋಣಿ ಆಕಾರದ ತುಂಡು. ಸಮುದ್ರ ನೊರೆ ಅಂತಲೂ ಕೆಲವರು ಕೇಳಿ ತರುತ್ತಾರೆ. ಬೊಂಡಾಸಿನ (ಸ್ಕ್ವಿಡ್) ಹತ್ತಿರದ ಜಾತಿಯಾದ ಕಟಲ್‌ಫಿಶ್‌ನ ಮೈಯೊಳಗಿನ ಚಿಪ್ಪು ಇದು. ಹೆಚ್ಚಿನ ಪಾಲು ಕ್ಯಾಲ್ಸಿಯಂ ಕಾರ್ಬೋನೇಟ್. ಬಸವನಹುಳು ತನ್ನ ಚಿಪ್ಪು ಕಟ್ಟುವುದೂ ಅದರಿಂದಲೇ.

ನನ್ನ ಟ್ಯಾಂಕಿನಲ್ಲಿರುವುದು ಮಿಸ್ಟರಿ ಸ್ನೇಲ್ ಅನ್ನುವ ಬಸವನಹುಳು, ಜೊತೆಗೆ ಕರೆಯದೇ ಬಂದ ರ‍್ಯಾಮ್ಸ್‌ಹಾರ್ನ್ ಅನ್ನುವ ಇನ್ನೊಂದು ಜಾತಿಯ ಸೈನ್ಯ. ಮಿಸ್ಟರಿ ಸ್ನೇಲ್ ಬೇಗ ಬೆಳೆಯುತ್ತದೆ, ಹಾಗಾಗಿ ಕ್ಯಾಲ್ಸಿಯಂ ಕಡಿಮೆಯಾದರೆ ಮೊದಲು ಗೊತ್ತಾಗುವುದೂ ಅದರಲ್ಲೇ. ಚಿಪ್ಪಿನ ಬಾಯಂಚು ತೆಳ್ಳಗಾಗಿ ಚೂರುಚೂರು ಒಡೆಯುತ್ತದೆ, ಹಳೆಯ ಸುರುಳಿಯ ಮೇಲೆ ಬಿಳಿ ಗುಳಿ ಬೀಳುತ್ತವೆ. ಒಂದು ತುಂಡು ಕಟಲ್‌ಬೋನ್ ಹಾಕಿದ ಮೇಲೆ ಹೊಸದಾಗಿ ಬೆಳೆದ ಅಂಚು ನಯವಾಗಿ, ಗಟ್ಟಿಯಾಗಿ ಬಂತು. ಹಳೆಯ ಗುಳಿ ಮಾತ್ರ ಹಾಗೇ ಇದೆ. ಅದು ಮುಚ್ಚಿಕೊಳ್ಳುತ್ತದೆ ಅಂತ ಕಾಯಬೇಡಿ, ಚಿಪ್ಪು ಉದ್ದಕ್ಕೆ ಬೆಳೆಯುವುದು ಬಾಯಂಚಿನಲ್ಲಿ ಮಾತ್ರ. ಹಾಗಾಗಿ ಕ್ಯಾಲ್ಸಿಯಂ ಕೆಲಸ ಮಾಡ್ತಿದೆಯಾ ಅಂತ ನೋಡಲು ಅಂಚನ್ನು ನೋಡಬೇಕು, ಬೆನ್ನನ್ನಲ್ಲ.

ಒಂದು ಅಂಕ ಯಾಕೆ ಕಡಿತ? ಹಾಕಿದ ಕೂಡಲೇ ತೇಲುತ್ತದೆ, ಅದಕ್ಕೆ. ಒಳಗೆಲ್ಲಾ ಗಾಳಿ ತುಂಬಿದ ಸಣ್ಣ ಸಣ್ಣ ಕೋಣೆಗಳು. ಸ್ವಲ್ಪ ಹೊತ್ತು ಕುದಿಸಿದರೆ ಬೇಗ ಮುಳುಗುತ್ತದೆ, ಇಲ್ಲವೇ ಕಲ್ಲಿನ ಅಡಿಗೆ ಸಿಕ್ಕಿಸಿ. ಪುಡಿ ಉದುರಿ ತಳದಲ್ಲಿ ಬಿಳಿಬಿಳಿ ಕಾಣುತ್ತದೆ, ನೋಟಕ್ಕೆ ಚೆಂದ ಇಲ್ಲ, ತೊಂದರೆಯೂ ಇಲ್ಲ. ಹಕ್ಕಿಗೆಂದು ಮಾಡಿದ್ದರಿಂದ ಪಂಜರಕ್ಕೆ ಸಿಕ್ಕಿಸುವ ಲೋಹದ ಕ್ಲಿಪ್ ಜೊತೆಗೇ ಬರುತ್ತದೆ, ಅದನ್ನು ಕಿತ್ತು ಬಿಸಾಡಿ. ಬಣ್ಣ, ರುಚಿ ಸೇರಿಸಿದ್ದನ್ನು ತರಬೇಡಿ.

ಈಗ ಮುಖ್ಯ ಮಾತು. ಕಟಲ್‌ಬೋನ್ ಎಲ್ಲರ ಟ್ಯಾಂಕಿನಲ್ಲೂ ಒಂದೇ ತರ ಕೆಲಸ ಮಾಡುವುದಿಲ್ಲ. ಬೆಂಗಳೂರಿನ ಬೋರ್‌ವೆಲ್ ನೀರು ಹಾಕುವವರಿಗೆ ಇದು ಬೇಕಾಗುವುದೇ ಅಪರೂಪ, ಆ ನೀರು ಬಕೆಟ್ಟಿಗೇ ಬಿಳಿ ಕಲೆ ಕಟ್ಟಿಸುತ್ತದಲ್ಲ! ಅದರಲ್ಲಿ ಪಿಎಚ್ (ಆಮ್ಲ, ಕ್ಷಾರದ ಅಳತೆ; 7 ಅಂದರೆ ನಡು, ಕೆಳಗೆ ಆಮ್ಲ, ಮೇಲೆ ಕ್ಷಾರ) 8ರ ಹತ್ತಿರ ಇದ್ದರಂತೂ ಕಟಲ್‌ಬೋನ್ ಕರಗದೆ ಸುಮ್ನೆ ಬಿದ್ದಿರುತ್ತದೆ, ಹುಳು ಬಂದು ಕೆರೆದು ತಿಂದಷ್ಟೇ ಲಾಭ. ನಿಜವಾಗಿ ಬೇಕಾಗಿರುವುದು ಆರ್‌ಒ ನೀರು ಹಾಕುವವರಿಗೆ. ಅದರಲ್ಲಿ ಕ್ಯಾಲ್ಸಿಯಂ ಇಲ್ಲವೆಂದೇ ಲೆಕ್ಕ. ಕರಾವಳಿಯ ಜಂಬಿಟ್ಟಿಗೆ ನೆಲದ ಬಾವಿ ನೀರೂ ಮೆದು, ಸ್ವಲ್ಪ ಆಮ್ಲದ ಕಡೆಗೆ ವಾಲಿರುತ್ತದೆ. ಪಿಎಚ್ 7ಕ್ಕಿಂತ ಕೆಳಗೆ ಹೋದರೆ ಹುಳು ಕಟ್ಟಿದ ಚಿಪ್ಪನ್ನೇ ನೀರು ಕರಗಿಸತೊಡಗುತ್ತದೆ. ಬೆಟ್ಟಾ ಮೀನಿಗೆ ಒಳ್ಳೆಯದು ಅಂತ ನೀರನ್ನು ಆಮ್ಲದ ಕಡೆಗೆ ಎಳೆಯುವ ಬಾದಾಮಿ ಎಲೆ, ಮರದ ತುಂಡು ಹಾಕಿ, ಅದೇ ಟ್ಯಾಂಕಿಗೆ ಬಸವನಹುಳು ಬಿಟ್ಟವರು ಇದನ್ನು ಗಮನಿಸಬೇಕು.

ಆದ್ದರಿಂದ ಮೊದಲು ಜಿಎಚ್, ಕೆಎಚ್ ಎರಡನ್ನೂ ಅಳೆಯುವ ಹನಿ ಹಾಕುವ ಟೆಸ್ಟ್ ಕಿಟ್ ತಗೊಳ್ಳಿ. ಜಿಎಚ್ ಅಂದರೆ ನೀರಿನ ಒಟ್ಟು ಗಡಸುತನ, ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ಸೇರಿ. ಒಂದು ಡಿಗ್ರಿ ಅಂದರೆ ಸುಮಾರು 17.9 ಪಿಪಿಎಂ (ಲೀಟರಿಗೆ ಮಿಲಿಗ್ರಾಂ). 8 ಡಿಗ್ರಿಗಿಂತ ಮೇಲಿದ್ದು ಪಿಎಚ್ 7.2 ದಾಟಿದ್ದರೆ ಮಿಸ್ಟರಿ ಸ್ನೇಲ್‌ಗೆ ಸಾಕು. ಕೆಎಚ್ ಅಂದರೆ ನೀರಿನಲ್ಲಿರುವ ಕಾರ್ಬೋನೇಟ್ ಅಳತೆ, ಅದು ಪಿಎಚ್ ಬೀಳದಂತೆ ಹಿಡಿದಿಡುತ್ತದೆ. ನೀರಿನಲ್ಲಿ ಕರಗಿದ್ದನ್ನೆಲ್ಲ ಒಟ್ಟಿಗೆ ತೋರಿಸುವ ಟಿಡಿಎಸ್ ಮೀಟರ್ ನೋಡಿ ಕ್ಯಾಲ್ಸಿಯಂ ಜಾಸ್ತಿ ಇದೆ ಅಂದುಕೊಳ್ಳಬೇಡಿ, ಅದಕ್ಕೆ ಅಡುಗೆ ಉಪ್ಪೂ ಒಂದೇ, ಸುಣ್ಣವೂ ಒಂದೇ.

ಬಾಟಲಿಯಲ್ಲಿ ಬರುವ ಲಿಕ್ವಿಡ್ ಕ್ಯಾಲ್ಸಿಯಂ ನನಗೆ ಇಷ್ಟವಾಗಲಿಲ್ಲ. ಬೆಲೆ ಜಾಸ್ತಿ ಅನ್ನುವುದು ಒಂದು. ಅವುಗಳಲ್ಲಿ ಹಲವು ಹವಳ ಇರುವ ಉಪ್ಪುನೀರಿನ ಟ್ಯಾಂಕಿಗೆಂದು ಮಾಡಿದ ಕ್ಯಾಲ್ಸಿಯಂ ಕ್ಲೋರೈಡ್ ಅನ್ನುವುದು ಇನ್ನೊಂದು. ಜಿಎಚ್ ಏರುತ್ತದೆ, ಕೆಎಚ್ ಅಲ್ಲೇ ಇರುತ್ತದೆ. ಆಮ್ಲದ ನೀರಿಗೆ ಅದನ್ನು ಸುರಿದರೆ ಚಿಪ್ಪು ಕರಗುವುದು ನಿಲ್ಲುವುದಿಲ್ಲ. ಕಟಲ್‌ಬೋನ್ ಕರಗಿದರೆ ಎರಡೂ ಏರುತ್ತವೆ. ಹವಳದ ಪುಡಿಯೂ ಇದೇ ಕೆಲಸ ಮಾಡುತ್ತದೆ. ಒಂದು ಸಣ್ಣ ಬಲೆ ಚೀಲದಲ್ಲಿ ಕಟ್ಟಿ ಫಿಲ್ಟರ್ ಒಳಗೆ ಇಟ್ಟರೆ ತಿಂಗಳುಗಟ್ಟಲೆ ಚಿಂತೆ ಇಲ್ಲ, ಆದರೆ ಹುಳುವಿಗೆ ಕೆರೆದು ತಿನ್ನಲು ಸಿಗುವುದಿಲ್ಲ. ಮೊಟ್ಟೆ ಚಿಪ್ಪು ಬಿಟ್ಟಿ ಸಿಗುತ್ತದೆ. ಒಳಗಿನ ಪೊರೆ ತೆಗೆದು, ಕುದಿಸಿ, ಒಣಗಿಸಿ, ಪುಡಿ ಮಾಡುವ ತಾಳ್ಮೆ ನಿಮಗಿದ್ದರೆ ಮಾಡಿ, ನನಗಿಲ್ಲ.

ಎಲೆ ಅಡಿಕೆಯ ಸುಣ್ಣ ಒಂಚೂರು ಹಾಕಿದರೆ ಆಗಲ್ವಾ ಅಂತ ಕೇಳುವವರು ಇದ್ದೇ ಇರುತ್ತಾರೆ. ಬೇಡವೇ ಬೇಡ. ಅದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಪಿಎಚ್ಚನ್ನು ಒಮ್ಮೆಲೇ ಮೇಲಕ್ಕೆ ಒಯ್ದು ಮೀನು, ಹುಳು ಎರಡನ್ನೂ ಕೊಲ್ಲಬಹುದು. ಪಾಲಕ್ ಸೊಪ್ಪನ್ನೂ ಕ್ಯಾಲ್ಸಿಯಂ ಲೆಕ್ಕಕ್ಕೆ ಹಿಡಿಯಬೇಡಿ, ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಮೈಗೆ ಹತ್ತಲು ಬಿಡುವುದಿಲ್ಲ. ಬೇಯಿಸಿದ ನುಗ್ಗೆಸೊಪ್ಪು ವಾಸಿ, ಉಳಿದದ್ದನ್ನು ಅದೇ ದಿನ ತೆಗೆದುಬಿಡಿ.

ಮಂಗಳೂರು, ಮಲ್ಪೆ ಕಡೆಯವರಾದರೆ ಅಂಗಡಿಗೆ ಹೋಗುವುದೂ ಬೇಡ. ಕಟಲ್‌ಬೋನ್ ಕಡಲತೀರದಲ್ಲೇ ತೇಲಿ ಬಂದು ಬಿದ್ದಿರುತ್ತದೆ. ಡೀಸೆಲ್ ವಾಸನೆ, ಎಣ್ಣೆ ಜಿಡ್ಡು ಇರುವುದನ್ನು ಮುಟ್ಟಬೇಡಿ. ಚೊಕ್ಕ ತುಂಡು ಸಿಕ್ಕರೆ ಕುದಿಸಿ, ದಿನಾ ನೀರು ಬದಲಿಸುತ್ತಾ ಕೆಲವು ದಿನ ನೆನೆಸಿ ಉಪ್ಪು ಪೂರ್ತಿ ಬಿಡಿಸಿದ ಮೇಲೆ ಟ್ಯಾಂಕಿಗೆ ಹಾಕಿ.