ಹಳೆಯ ಬೋರ್ಡಿನಲ್ಲಿ ರೈಜನ್ 5 5600: ಎರಡು ವರ್ಷ ಬಳಸಿದ ಮೇಲೆ

ನನ್ನ ಕಂಪ್ಯೂಟರ್ 2017ರದ್ದು. ಎಎಂಡಿ ಕಂಪನಿಯ ರೈಜನ್ 5 1600 ಪ್ರೊಸೆಸರ್, ಬಿ350 ಮದರ್‌ಬೋರ್ಡ್, 16 ಜಿಬಿ ಡಿಡಿಆರ್4 ರ‍್ಯಾಮ್. ಆರು ವರ್ಷ ಒಂದು ದಿನವೂ ಕೈಕೊಡಲಿಲ್ಲ. ಆದರೆ ಬರುಬರುತ್ತಾ ತಡವರಿಸತೊಡಗಿತು. ಫೋಟೋ ತಿದ್ದುವಾಗ ಸ್ಲೈಡರ್ ಎಳೆದರೆ ಚಿತ್ರ ಸ್ವಲ್ಪ ಹೊತ್ತು ಬಿಟ್ಟು ಬದಲಾಗುತ್ತಿತ್ತು. ಕೆಲಸದ ಲಯವೇ ತಪ್ಪುತ್ತಿತ್ತು.

ಹೊಸದನ್ನೇ ಕೊಳ್ಳೋಣ ಅಂದರೆ ಖರ್ಚು ಪ್ರೊಸೆಸರ್‌ಗೆ ನಿಲ್ಲುವುದಿಲ್ಲ. ಎಎಂಡಿಯ ಹೊಸ ಎಎಂ5 ಸಾಕೆಟ್‌ಗೆ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಹೊಸ ಬೋರ್ಡ್ ಬೇಕು, ಅದಕ್ಕೆ ಡಿಡಿಆರ್5 ರ‍್ಯಾಮ್ಮೇ ಬೇಕು. ನನ್ನ ಹಳೆಯ ಎಎಂ4 ಸಾಕೆಟ್‌ನಲ್ಲೇ ಕೂರುವ ರೈಜನ್ 5 5600 ಆದರೆ ಒಂದೇ ಒಂದು ವಸ್ತು. 2023ರ ಕೊನೆಗೆ ಅದನ್ನೇ ತಂದು ಹಾಕಿದೆ.

ತರುವ ಮೊದಲು ಒಂದು ವಿಷಯದಲ್ಲಿ ಬಹಳ ದಿನ ಗೊಂದಲವಾಗಿತ್ತು. ಕಂಪ್ಯೂಟರ್ ತಡವರಿಸುವಾಗ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ನೋಡಿದರೆ ಪ್ರೊಸೆಸರ್ ಬಳಕೆ ಶೇ. 10, 15 ಅಷ್ಟೇ. ಹಾಗಾದರೆ ತಪ್ಪು ಪ್ರೊಸೆಸರ್‌ದಲ್ಲ ಅಂದುಕೊಂಡಿದ್ದೆ. ಅದು ಸರಿಯಲ್ಲ. 1600ಕ್ಕೆ 6 ಕೋರ್ (ಲೆಕ್ಕ ಮಾಡುವ ಘಟಕ), 12 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು). ಒಂದು ಥ್ರೆಡ್ ಪೂರ್ತಿ ದಣಿದು ದುಡಿಯುತ್ತಿದ್ದರೂ ಒಟ್ಟು ಲೆಕ್ಕದಲ್ಲಿ ಅದು ಶೇ. 8ರಷ್ಟೇ ಕಾಣುತ್ತದೆ. ಗ್ರಾಫ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರತಿ ಥ್ರೆಡ್‌ನ ಗ್ರಾಫ್ ಬೇರೆ ಬೇರೆ ತೋರಿಸುವ ಹಾಗೆ ಮಾಡಿ ನೋಡಿ. ಕೆಲಸ ಥ್ರೆಡ್‌ನಿಂದ ಥ್ರೆಡ್‌ಗೆ ಜಿಗಿಯುವುದರಿಂದ ಆಗಲೂ ಪೂರ್ತಿ ಸ್ಪಷ್ಟವಾಗುವುದಿಲ್ಲ, ಆದರೆ ಒಟ್ಟು ಅಂಕಿಯನ್ನು ನಂಬಿ ಕೂರುವುದಕ್ಕಿಂತ ವಾಸಿ. ಇನ್ನು ತಡವಾಗುವಾಗ ಡಿಸ್ಕ್ ಶೇ. 100 ತೋರಿಸಿದರೆ, ಅಥವಾ ರ‍್ಯಾಮ್ ತುಂಬಿ ತುಳುಕುತ್ತಿದ್ದರೆ, ಪ್ರೊಸೆಸರ್‌ಗೆ ದುಡ್ಡು ಹಾಕಬೇಡಿ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದಾಗ ನನಗೆ ಕಂಡ ವ್ಯತ್ಯಾಸ ಈ ಪ್ರೊಸೆಸರ್‌ಗಿಂತಲೂ ದೊಡ್ಡದು.

ಮೊದಲಿನ ಕೆಲಸ ಬಯೋಸ್ (ಆನ್ ಮಾಡಿದೊಡನೆ ಮೊದಲು ಓಡುವ, ಬೋರ್ಡಿನೊಳಗಿನ ತಂತ್ರಾಂಶ) ಅಪ್‌ಡೇಟ್. ನನ್ನ ಬಿ350 ಥರದ 300 ಸರಣಿಯ ಬೋರ್ಡ್‌ಗಳಿಗೆ 5000 ಸರಣಿಯ ಪ್ರೊಸೆಸರ್ ಹಾಕಲು ಎಎಂಡಿ ದಾರಿ ಬಿಟ್ಟಿದ್ದು 2022ರಲ್ಲಿ. ನಿಮ್ಮ ಬೋರ್ಡ್ ತಯಾರಕರ ಪಟ್ಟಿಯಲ್ಲಿ ಆ ಪ್ರೊಸೆಸರ್ ಹೆಸರು ಇದೆಯಾ, ಯಾವ ಬಯೋಸ್ ಬೇಕು ಅಂತ ನೋಡಿಕೊಂಡೇ ದುಡ್ಡು ಕೊಡಿ. ಹಳೆಯ ಪ್ರೊಸೆಸರ್ ಕೂತಿರುವಾಗಲೇ ಅಪ್‌ಡೇಟ್ ಮುಗಿಸಬೇಕು, ನಡುವೆ ಕರೆಂಟ್ ಹೋಗಬಾರದು. ಕೆಲವು ಬೋರ್ಡ್‌ಗಳಲ್ಲಿ ಹೊಸ ಬಯೋಸ್ ಬಂದ ಮೇಲೆ ತೀರಾ ಹಳೆಯ ಕೆಲವು ಪ್ರೊಸೆಸರ್‌ಗಳು ನಡೆಯುವುದಿಲ್ಲ, ಹಾಗಾಗಿ ಅದರ ಟಿಪ್ಪಣಿಯನ್ನು ಪೂರ್ತಿ ಓದಿ. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಬಳಸುತ್ತಿದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಪ್ರೊಸೆಸರ್ ಬದಲಾದ ಮೇಲೆ ಮೊದಲ ಸಲ ಆನ್ ಮಾಡಿದಾಗ ಎಫ್‌ಟಿಪಿಎಂ (ಬಿಟ್‌ಲಾಕರ್‌ನ ಕೀಲಿ ಕಾಯುವ ಭದ್ರತಾ ಭಾಗ) ರೀಸೆಟ್ ಮಾಡಬೇಕಾ ಅಂತ ಪರದೆಯ ಮೇಲೆ ಕೇಳಬಹುದು. ಕೀ ಇಲ್ಲದೆ ಹೂಂ ಅಂದರೆ ಡೇಟಾ ಕೈತಪ್ಪುತ್ತದೆ.

ನನಗೆ ಏಟು ಬಿದ್ದಿದ್ದು ಮಾತ್ರ ಕೂಲರ್ ತೆಗೆಯುವಾಗ. ಪ್ರೊಸೆಸರ್‌ಗೂ ಕೂಲರ್‌ಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿ ಗಟ್ಟಿಯಾಗಿತ್ತು. ನೇರವಾಗಿ ಮೇಲಕ್ಕೆ ಎಳೆದೆ, ಸಾಕೆಟ್ ಲಾಕ್ ಇದ್ದರೂ ಪ್ರೊಸೆಸರ್ ಕೂಲರ್‌ಗೆ ಅಂಟಿಕೊಂಡೇ ಎದ್ದು ಬಂತು. ಎಎಂ4ನಲ್ಲಿ ಪಿನ್‌ಗಳಿರುವುದು ಪ್ರೊಸೆಸರ್ ತಳದಲ್ಲಿ. ಎರಡು ಪಿನ್ ಬಾಗಿದ್ದವು. ಎದೆ ಧಸಕ್ಕೆಂದಿತು. ತೆಳುವಾದ ಬ್ಲೇಡ್ ಇಟ್ಟು ನಿಧಾನವಾಗಿ ನೆಟ್ಟಗೆ ಮಾಡಿದೆ. ನೀವು ಹೀಗೆ ಮಾಡಬೇಡಿ. ಹದಿನೈದು ನಿಮಿಷ ಭಾರದ ಕೆಲಸ ಕೊಟ್ಟು ಪ್ರೊಸೆಸರ್ ಬಿಸಿ ಮಾಡಿ, ಆಫ್ ಮಾಡಿ, ಪ್ಲಗ್ ತೆಗೆದು, ಕೂಲರನ್ನು ಆಚೆ ಈಚೆ ತಿರುಗಿಸಿ ಸಡಿಲ ಮಾಡಿಯೇ ಎತ್ತಿ.

ಎರಡು ವರ್ಷದ ಬಳಕೆಯಲ್ಲಿ ನನಗೆ ಬಹಳ ಖುಷಿ ಕೊಟ್ಟಿದ್ದು ಕೈ ಇಟ್ಟಲ್ಲಿ ಕೆಲಸ ಆಗುವುದು. 5600ಕ್ಕೂ 6 ಕೋರ್, 12 ಥ್ರೆಡ್ಡೇ, ವಿದ್ಯುತ್ ಮಟ್ಟವೂ ಅದೇ 65 ವ್ಯಾಟ್. ಆದರೆ ಪ್ರತಿ ಕೋರ್‌ನ ಓಟವೇ ಬೇರೆ. 1600ರಲ್ಲಿ 16 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) ಎರಡು ಭಾಗವಾಗಿ ಹಂಚಿಹೋಗಿತ್ತು. ಇದರಲ್ಲಿ 32 ಎಂಬಿ, ಆರೂ ಕೋರ್‌ಗಳಿಗೆ ಒಂದೇ ಕಡೆ ಸಿಗುತ್ತದೆ. ಸ್ಲೈಡರ್ ಈಗ ಬೆರಳ ಜೊತೆಗೇ ಓಡುತ್ತದೆ. ಅರ್ಧ ಗಂಟೆ ಹಿಡಿಯುತ್ತಿದ್ದ ಫೋಟೋ ಎಕ್ಸ್‌ಪೋರ್ಟ್ ಇಪ್ಪತ್ತು ನಿಮಿಷದೊಳಗೆ ಮುಗಿಯುತ್ತದೆ. ಇನ್ನೊಂದು ಲಾಭ ನಾನು ಎಣಿಸಿರಲಿಲ್ಲ: 1600ರ ಜೊತೆ 3200ರ ವೇಗದಲ್ಲಿ ನಿಲ್ಲದಿದ್ದ ರ‍್ಯಾಮ್ ಈಗ ಅದೇ ವೇಗದಲ್ಲಿ ನೆಮ್ಮದಿಯಾಗಿ ಓಡುತ್ತಿದೆ. ಕೂಲರ್ ಹಳೆಯದೇ ಸಾಕಾಯಿತು.

ವಿಂಡೋಸ್ 11 ಕೂಡ ಒಂದು ಕಾರಣ. ಅದು ಬೆಂಬಲಿಸುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ 1600 ಇಲ್ಲ, 5600 ಇದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಾಗ ನಾನು ನಿಶ್ಚಿಂತನಾಗಿದ್ದೆ.

ಬದಲಾಗದಿದ್ದುದೂ ಇದೆ. ಹೆಚ್ಚಿನ ರೆಸಲ್ಯೂಷನ್‌ನಲ್ಲಿ ಗೇಮ್ ಆಡಿದರೆ ಫ್ರೇಮ್ ವೇಗ ಮೊದಲಿನಷ್ಟೇ, ಅಲ್ಲಿ ಏದುಸಿರು ಬಿಡುವುದು ನನ್ನ ಗ್ರಾಫಿಕ್ಸ್ ಕಾರ್ಡ್. 1080ಪಿಯಲ್ಲಿ ಮಾತ್ರ ಆಗಾಗ ಆಗುತ್ತಿದ್ದ ಮುಗ್ಗರಿಕೆ ನಿಂತಿದೆ. ಬೋರ್ಡ್ ಹಳೆಯದಾದ್ದರಿಂದ ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿ ಜೋಡಿಸುವ ಪಿಸಿಐಇ ದಾರಿ 3.0ಗಿಂತ ಮೇಲೆ ಹೋಗುವುದಿಲ್ಲ. 5600ರ ಒಳಗೆ ಗ್ರಾಫಿಕ್ಸ್ ಇಲ್ಲ ಅನ್ನುವುದೂ ನೆನಪಿರಲಿ. ಬೇರೆ ಕಾರ್ಡ್ ಇಲ್ಲದವರು 5600ಜಿ ನೋಡಬೇಕು, ಆದರೆ ಅದರ ಎಲ್3 ಕ್ಯಾಶ್ 16 ಎಂಬಿ ಮಾತ್ರ.

ನಿಮ್ಮ ಹತ್ತಿರ ರೈಜನ್ 5 3600 ಇದ್ದರೆ ನಾನಾದರೆ ತಡೆಯುತ್ತೇನೆ, ಆ ದುಡ್ಡನ್ನು ಗ್ರಾಫಿಕ್ಸ್ ಕಾರ್ಡ್‌ಗೋ ರ‍್ಯಾಮ್‌ಗೋ ಇಡುತ್ತೇನೆ. ದಿನವಿಡೀ ವಿಡಿಯೋ ರೆಂಡರ್ ಮಾಡುವವರಿಗೆ 8 ಕೋರ್‌ನ 5700ಎಕ್ಸ್ ಒಳ್ಳೆಯದು, ಅದೂ 65 ವ್ಯಾಟ್‌ದೇ. 1600, 2600 ಇಟ್ಟುಕೊಂಡು ಒದ್ದಾಡುತ್ತಿರುವವರು ಧೈರ್ಯವಾಗಿ ಹಾಕಿ. ಪಿನ್ ನೆಟ್ಟಗೆ ಮಾಡಿದ ನನ್ನ ಆ ಹಳೆಯ 1600 ಈಗಲೂ ಸ್ನೇಹಿತನ ಕಂಪ್ಯೂಟರ್‌ನಲ್ಲಿ ದುಡಿಯುತ್ತಿದೆ.