ಸೂಪರಿಂಟೆಂಡೆಂಟ್ ಕರಾರು: ಕ್ಯಾಲಿಫೋರ್ನಿಯಾ ದಾರಿಯೋ, ನ್ಯೂಜೆರ್ಸಿ ದಾರಿಯೋ?

ಅಮೆರಿಕದ ಶಾಲಾ ಮಂಡಳಿಗೆ ಸ್ಪರ್ಧಿಸುವ ಕನ್ನಡಿಗರು ಸೂಪರಿಂಟೆಂಡೆಂಟರ, ಅಂದರೆ ಮಂಡಳಿ ನೇಮಿಸುವ ಮುಖ್ಯ ಆಡಳಿತಾಧಿಕಾರಿಯ, ಕರಾರನ್ನು ಮೊದಲು ಓದಬೇಕು. ಶಾಲಾ ಜಿಲ್ಲೆಯ ಹಣದ ಮೇಲೆ ಮಂಡಳಿಗಿರುವ ಹಿಡಿತ ಅಲ್ಲೇ ಗೊತ್ತಾಗುತ್ತದೆ.

ನ್ಯೂಜೆರ್ಸಿಯಲ್ಲಿ ಕಾವಲು ಸಹಿಗೆ ಮುಂಚೆಯೇ ಇದೆ. ಕರಾರಿನ ಅವಧಿ 3ರಿಂದ 5 ವರ್ಷ. ಮಂಡಳಿ ಒಪ್ಪುವ ಮೊದಲು ರಾಜ್ಯದ ಕೌಂಟಿ ಅಧಿಕಾರಿ ಕರಾರನ್ನು ಪರಿಶೀಲಿಸಿ ಅನುಮೋದಿಸಬೇಕು. ಚಾಲ್ತಿಯಲ್ಲಿರುವ ಕರಾರನ್ನು ತಿದ್ದಲು ಅಥವಾ ವಿಸ್ತರಿಸಲು 30 ದಿನ ಮುಂಚೆ ಸಾರ್ವಜನಿಕರಿಗೆ ತಿಳಿಸಿ, ಅಹವಾಲು ಕೇಳಬೇಕು. 2011ರಲ್ಲಿ ಬಂದ ಸಂಬಳದ ಮಿತಿಯನ್ನು 2019ರಲ್ಲಿ ತೆಗೆದುಹಾಕಲಾಯಿತು.

ಕ್ಯಾಲಿಫೋರ್ನಿಯಾ ಬಿಗಿ ಹಿಡಿದಿರುವುದು ನಿರ್ಗಮನದ ಬಾಗಿಲಲ್ಲಿ. ಅವಧಿ ಗರಿಷ್ಠ 4 ವರ್ಷ. 2016ರಿಂದ ಮಾಡಿಕೊಂಡ ಕರಾರುಗಳಲ್ಲಿ ಅವಧಿಗೆ ಮುನ್ನ ಕಳಿಸಿದರೆ ಕೊಡುವ ನಗದು ಪರಿಹಾರ 12 ತಿಂಗಳ ಸಂಬಳ ಮೀರುವಂತಿಲ್ಲ. ಮೊದಲು 18 ತಿಂಗಳವರೆಗೂ ಕೊಡಬಹುದಿತ್ತು. ಸಂಬಳದ ಚರ್ಚೆ ವಿಶೇಷ ಸಭೆಯಲ್ಲಿ ನಡೆಯಕೂಡದು, ನಿಯಮಿತ ಸಭೆಯಲ್ಲೇ ಆಗಬೇಕು. ಆದರೆ ಒಂದು ಅಪಾಯವಿದೆ: ಅವಧಿ ಮುಗಿಯುವ 45 ದಿನ ಮೊದಲು ಮಂಡಳಿ ಲಿಖಿತ ನೋಟಿಸ್ ಕೊಡದಿದ್ದರೆ ಅದೇ ಷರತ್ತುಗಳ ಮೇಲೆ, ಅಷ್ಟೇ ಅವಧಿಗೆ ಮರುನೇಮಕವಾದಂತೆ. ಒಂದು ಮರೆವಿಗೆ ಮಕ್ಕಳ ಹಣ ವರ್ಷಗಟ್ಟಲೆ ಸಿಕ್ಕಿಕೊಳ್ಳುವುದು ನನಗೆ ಸಹಿಸಲಾಗದ ವಿಷಯ.

ಅನುಭವವಿಲ್ಲದ ಮಂಡಳಿಗೆ ನನ್ನ ಆಯ್ಕೆ ನ್ಯೂಜೆರ್ಸಿಯ ಪೂರ್ವಪರಿಶೀಲನೆ. ಪರಿಹಾರದ ಮಿತಿಯನ್ನಂತೂ ಕ್ಯಾಲಿಫೋರ್ನಿಯಾದಿಂದ ಎರವಲು ಪಡೆದು ಕರಾರಿನಲ್ಲೇ ಬರೆಸಿಕೊಳ್ಳಿ.